ಗುವಾಂಗ್‌ಝೌಗೆ ಮಷಿನ್ ನೋಡೋಕೆ ಹೊರಟಿದೀನಿ, ಮಾತಾಡೋ ಅಷ್ಟು ಚೈನೀಸ್ ಹೆಂಗೆ ಕಲಿಯೋದು?

ಮಂಡಕ್ಕಿ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ನಮ್ದು ದಾವಣಗೆರೆಲಿ ಮಂಡಕ್ಕಿ ಭಟ್ಟಿ, ಅಪ್ಪನ ಕಾಲದಿಂದ ನಡ್ಕೊಂಡು ಬಂದಿರೋದು. ಈಗ ಖಾರ ಮಂಡಕ್ಕಿ ಪ್ಯಾಕೆಟ್ ಮಾಡಿ ಬೇರೆ ಊರಿಗೂ ಕಳಿಸೋಣ ಅಂತ ಪೌಚ್ ಪ್ಯಾಕಿಂಗ್ ಮಷಿನ್ ಹುಡುಕ್ತಾ ಇದೀನಿ. ಏಪ್ರಿಲ್ 15ಕ್ಕೆ ಚೀನಾದ ಗುವಾಂಗ್‌ಝೌಲಿ ಶುರುವಾಗೋ ಕ್ಯಾಂಟನ್ ವ್ಯಾಪಾರ ಮೇಳಕ್ಕೆ ಹೋಗಿ, ಅಲ್ಲಿಂದ ಒಂದೆರಡು ಫ್ಯಾಕ್ಟರಿನೂ ನೋಡ್ಕೊಂಡು ಬರ್ಬೇಕು ಅಂತ ಪ್ಲಾನ್. ಮೇಳದೊಳಗೆ ಇಂಗ್ಲಿಷ್ ನಡಿಯುತ್ತಂತೆ, ಆದ್ರೆ ಫ್ಯಾಕ್ಟರಿಲಿ ಮಷಿನ್ ಬಿಚ್ಚಿ ತೋರಿಸೋ ಮೇಸ್ತ್ರಿಗೆ ಇಂಗ್ಲಿಷ್ ಬರ್ಬೇಕಲ್ಲ, ಹೋಟ್ಲಲ್ಲಿ ಊಟ ಕೇಳ್ಬೇಕಲ್ಲ, ನಾವು ಮೊಟ್ಟೆನೂ ತಿನ್ನಲ್ಲ. ಇಲ್ಲಿ ನನಗೆ ಯಾವ ಕ್ಲಾಸೂ ಸಿಗ್ಲಿಲ್ಲ. ರಾತ್ರಿ ಭಟ್ಟಿ ಕೆಲಸ ಮುಗಿದ ಮೇಲೆ ಒಂದು ಗಂಟೆ ಟೈಮ್ ಇರುತ್ತೆ. ಓದೋದು ಬರೆಯೋದು ಬೇಡ, ಮಾತು ಸಾಕು. ಎಲ್ಲಿಂದ ಶುರು ಮಾಡ್ಲಿ? ಗೊತ್ತಿರೋರು ದಯವಿಟ್ಟು ಹೇಳ್ರಿ.

ಪೇಟೆ_ಹಾರ್ಡ್‌ವೇರ್:
ಅಣ್ಣಾ ಸುಮ್ನೆ ತಲೆ ಕೆಡಿಸ್ಕೋಬೇಡ್ರಿ, ನಾನು ಮಾಲು ತರೋಕೆ ಹೋಗಿ ಬಂದೋನು, ಫೋನ್‌ನಲ್ಲಿ ಟ್ರಾನ್ಸ್‌ಲೇಟ್ ಆ್ಯಪ್ ಇದ್ರೆ ಮುಕ್ಕಾಲು ಕೆಲಸ ಆಗುತ್ತೆ. ಒಂದು ಮಾತ್ರ ನೆನಪಿರ್ಲಿ, ಅಲ್ಲಿ ಗೂಗಲ್ ವಾಟ್ಸಾಪ್ ಎರಡೂ ಬ್ಲಾಕ್, ಅದಕ್ಕೆ ಚೈನೀಸ್ ಭಾಷೆ ಪ್ಯಾಕ್‌ನ ಇಲ್ಲೇ ಡೌನ್‌ಲೋಡ್ ಮಾಡ್ಕೊಂಡು ಹೋಗ್ರಿ, ನೆಟ್ ಇಲ್ದೇನೂ ನಡಿಯುತ್ತೆ. ಅಲ್ಲಿ ಎಲ್ರೂ ಬಳಸೋದು ವಿಚ್ಯಾಟ್ ಅನ್ನೋ ಮೆಸೇಜ್ ಆ್ಯಪ್, ಅದು ನಮ್ಮಲ್ಲಿ 2020ರಿಂದ ಬ್ಯಾನ್. ರೇಟಿಗೆ ಕ್ಯಾಲ್ಕುಲೇಟರ್ ತೋರಿಸ್ತಾರೆ, ನೀವೂ ಒತ್ತಿ ತೋರಿಸ್ರಿ, ಮುಗೀತು. ಬಾಯಲ್ಲಿ ಬರ್ಬೇಕಾಗಿರೋದು ಚೌಕಾಸಿ ಮಾತಷ್ಟೇ. ‘ತ್ವೊಷಾವ್ ಛ್ಯೆನ್’ ಅಂದ್ರೆ ಎಷ್ಟು ರೇಟು, ‘ಥಾಯ್ ಕ್ವೇಯ್ ಲ’ ಅಂದ್ರೆ ಭಾಳ ಜಾಸ್ತಿ ಆಯ್ತು, ‘ಫ್ಯೆನ್ಯಿ ಯಿತ್ಯೆನ್’ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ರಿ. ಇಷ್ಟು ನಗ್ತಾ ಹೇಳಿದ್ರೆ ಅವ್ರೂ ಖುಷಿ ಆಗಿ ಟೀ ಕೊಡ್ತಾರೆ, ವ್ಯವಹಾರ ಅಲ್ಲಿಂದ ಸಲೀಸು.

ದುರ್ಗದ_ಡಾಕ್ಟ್ರು:
ಹಾರ್ಡ್‌ವೇರ್ ಅಣ್ಣ ಹೇಳಿದ್ದು ಅಂಗಡಿ ಸಾಮಾನಿಗೆ ಸರಿ, ಮಷಿನ್‌ಗೆ ಸಾಲಲ್ಲ ಅಂತ ನನ್ನ ಅಭಿಪ್ರಾಯ. ನಾನು ಚಿತ್ರದುರ್ಗದೋನು, ಎಂಬಿಬಿಎಸ್ ಓದಿದ್ದು ಚೀನಾದಲ್ಲಿ. ಕ್ಲಾಸ್ ಇಂಗ್ಲಿಷಲ್ಲಿ ಇದ್ರೂ ವಾರ್ಡ್‌ನಲ್ಲಿ ಪೇಷಂಟ್ ಜೊತೆ ಚೈನೀಸೇ ಮಾತಾಡ್ಬೇಕಿತ್ತು, ಹಂಗಾಗಿ ಹೇಳ್ತಿದೀನಿ. ಫ್ಯಾಕ್ಟರಿ ಸದ್ದಲ್ಲಿ ಆ್ಯಪ್‌ಗೆ ಮಾತು ಸರಿಯಾಗಿ ಕೇಳ್ಸಲ್ಲ, ಆಗ ನಿಮ್ಮ ಕಿವಿನೇ ಗತಿ.

ಮೊದಲು ಉಚ್ಚಾರಣೆ. ಇದ್ರಲ್ಲಿ ಕನ್ನಡ ಓದಿದೋರಿಗೆ ದೊಡ್ಡ ಅನುಕೂಲ ಇದೆ. ಚೈನೀಸ್‌ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಪದ್ಧತಿಗೆ ಪಿನ್‌ಯಿನ್ ಅಂತಾರೆ, 1958ರಲ್ಲಿ ಅಲ್ಲಿನ ಸರ್ಕಾರ ತಂದಿದ್ದು. ಅದ್ರಲ್ಲಿ ಬಿ ಅಂತ ಬರೆದಿದ್ರೆ ಅದು ನಮ್ಮ ‘ಪ’, ಪಿ ಅಂತ ಬರೆದಿದ್ರೆ ನಮ್ಮ ಮಹಾಪ್ರಾಣ ‘ಫ’, ಅದೂ ಫೋನ್‌ನ ಫ ಅಲ್ಲ, ಫಲ ಅನ್ನೋದ್ರ ಫ. ಹಂಗೇ ಡಿ ಅಂದ್ರೆ ‘ತ’, ಟಿ ಅಂದ್ರೆ ‘ಥ’, ಜಿ ಅಂದ್ರೆ ‘ಕ’, ಕೆ ಅಂದ್ರೆ ‘ಖ’. ಇಂಗ್ಲಿಷ್ ನೋಡಿ ಓದೋಕೆ ಹೋದ್ರೆ ಇಲ್ಲೇ ಎಡವೋದು. ಶ ಮತ್ತೆ ಷ ಕೂಡ ಅವ್ರಲ್ಲಿ ಬೇರೆ ಬೇರೆ. ಥ್ಯಾಂಕ್ಸ್ ಹೇಳೋ ‘ಶ್ಯೆ ಶ್ಯೆ’ಗೆ ಶ, ಎಷ್ಟು ಅನ್ನೋ ‘ತ್ವೊಷಾವ್’ಗೆ ನಾಲಿಗೆ ಮೇಲಕ್ಕೆ ಮಡಚಿ ಷ. ಮಾತಾಡುವಾಗ ನಾವು ಮಹಾಪ್ರಾಣ ನುಂಗಿಬಿಡ್ತೀವಿ, ಅಲ್ಲಿ ನುಂಗಿದ್ರೆ ಪದಾನೇ ಬದಲಾಗುತ್ತೆ, ಉಸಿರು ಬಿಟ್ಟು ಹೇಳ್ರಿ.

ಆಮೇಲೆ ಸ್ವರ, ಅಂದ್ರೆ ದನಿಯ ಏರಿಳಿತ. ನಾಲ್ಕು ಥರ. ಮೊದಲ್ನೇದು ಎತ್ತರದಲ್ಲಿ ಸಮ, ಎರಡನೇದು ನಾವು ಸರಿಯಾಗಿ ಕೇಳ್ಸದೇ ಇದ್ದಾಗ ‘ಹಾಂ?’ ಅಂತ ಮೇಲಕ್ಕೆ ಎಳೀತೀವಲ್ಲ ಹಂಗೆ, ಮೂರನೇದು ತಗ್ಗಿನ ದನಿ, ನಾಲ್ಕನೇದು ಮೇಲಿಂದ ಪಟ್ ಅಂತ ಕೆಳಗೆ. ನಿಮ್ಮ ವ್ಯವಹಾರದ್ದೇ ಉದಾಹರಣೆ ತಗೊಳ್ರಿ: ‘ಮಾಯ್’ ಅಂತ ತಗ್ಗಿಸಿ ಹೇಳಿದ್ರೆ ಕೊಂಡ್ಕೊಳ್ಳೋದು, ಪಟ್ ಅಂತ ಇಳಿಸಿ ಹೇಳಿದ್ರೆ ಮಾರೋದು.

ಸಂಖ್ಯೆ ಗಟ್ಟಿ ಮಾಡ್ಕೊಳ್ರಿ, ಇದಕ್ಕೇ ಜಾಸ್ತಿ ಟೈಮ್ ಕೊಡ್ರಿ. ಯೀ, ಅರ್, ಸಾನ್, ಸ್ಸ್, ವೂ, ಲ್ಯೋ, ಛೀ, ಪಾ, ಚ್ಯೋ, ಷ್ರ್. ಹತ್ತರ ಮೇಲೆ ಭಾಳ ಸುಲಭ, ಹನ್ನೊಂದಕ್ಕೆ ಹತ್ತು-ಒಂದು, ಇಪ್ಪತ್ತಕ್ಕೆ ಎರಡು-ಹತ್ತು. ನಾಲ್ಕು ಮತ್ತೆ ಹತ್ತು ಮಾತ್ರ ಹುಷಾರು, 14 ಅಂದ್ರೆ ‘ಷ್ರ್ ಸ್ಸ್’, 40 ಅಂದ್ರೆ ‘ಸ್ಸ್ ಷ್ರ್’, ದಕ್ಷಿಣದ ಕಡೆ ಎಷ್ಟೋ ಜನ ಎರಡನ್ನೂ ಸ ಅಂತಲೇ ಹೇಳ್ತಾರೆ, ಆಗ ಸ್ವರದಿಂದಲೇ ಗೊತ್ತು ಮಾಡ್ಕೋಬೇಕು. ಇನ್ನು ಅವ್ರಲ್ಲಿ ಲಕ್ಷ ಇಲ್ಲ, ಹತ್ತು ಸಾವಿರಕ್ಕೆ ‘ವಾನ್’ ಅಂತಾರೆ. ನಮ್ಮ ಒಂದು ಲಕ್ಷ ಅಂದ್ರೆ ‘ಷ್ರ್ ವಾನ್’, ಹತ್ತು ವಾನ್. 25,000ಕ್ಕೆ ‘ಲ್ಯಾಂಗ್ ವಾನ್ ವೂ’ (ಇಲ್ಲಿ ಎರಡಕ್ಕೆ ಅರ್ ಬದಲು ಲ್ಯಾಂಗ್) ಅಂತಷ್ಟೇ ಹೇಳಿ ನಿಲ್ಲಿಸ್ತಾರೆ, ಕೊನೆ ಸಾವಿರ ಬಾಯಲ್ಲಿ ಬರಲ್ಲ. ಕರೆಂಟಿಗೂ ಹಂಗೇ. ಅವ್ರ ತ್ರೀ ಫೇಸ್ 380 ವೋಲ್ಟ್, ಪಾಯ್ ಅಂದ್ರೆ ನೂರು, ಮೇಸ್ತ್ರಿ ‘ಸಾನ್ ಪಾಯ್ ಪಾ’ ಅಂದ್ರೆ ಅದು 380, ಮುನ್ನೂರ ಎಂಟು ಅಂತ ಬರ್ಕೋಬೇಡ್ರಿ. ನಿಮ್ಮ ಭಟ್ಟಿಲಿ ಸಿಂಗಲ್ ಫೇಸ್ ಇದೆಯೋ ತ್ರೀ ಫೇಸ್ ಇದೆಯೋ ನೋಡ್ಕೊಂಡು ಹೋಗ್ರಿ.

ವಿದ್ಯಾನಗರ_ಅಕ್ಕ:
ಊಟದ್ದು ನಾನು ಹೇಳ್ತೀನಿ. ನಮ್ಮನೆಯವ್ರ ಕೆಲಸದಿಂದ ಅಲ್ಲಿ ಇದ್ದು ಬಂದಿದೀವಿ, ನಾವೂ ಶುದ್ಧ ಸಸ್ಯಾಹಾರಿಗಳು. ‘ರೋ ಬೇಡ’ ಅಂದ್ರೆ ಸಾಕು ಅನ್ಕೋಬೇಡಿ, ರೋ ಅಂದ್ರೆ ಮಾಂಸ, ಅವ್ರ ಲೆಕ್ಕದಲ್ಲಿ ಹೆಚ್ಚಾಗಿ ಹಂದಿ ಮಾಂಸ, ಆಮೇಲೆ ಮೀನು, ಸಿಗಡಿ ಹಾಕಿದ್ರೆ ಅದು ರೋ ಅಲ್ಲ ಅಂತ ತಂದಿಡ್ತಾರೆ. ಬರೀ ಸೊಪ್ಪಿನ ಪಲ್ಯ ಅಂತ ಕೊಟ್ಟಿದ್ರಲ್ಲೂ ಹಂದಿ ಕೊಬ್ಬಲ್ಲಿ ಒಗ್ಗರಣೆ, ಇಲ್ಲಾಂದ್ರೆ ಆಯ್ಸ್ಟರ್ ಸಾಸ್ (ಸಿಂಪಿಯಿಂದ ಮಾಡಿದ್ದು), ಕೋಳಿ ಪುಡಿ ಇರಬಹುದು. ಅದಕ್ಕೆ ‘ವೊ ಛ್ರ್ ಸೂ’, ಅಂದ್ರೆ ನಾನು ಸಸ್ಯಾಹಾರಿ, ಇದನ್ನ ಮೊದಲು ಹೇಳಿ. ಮೊಟ್ಟೆಗೆ ‘ಚೀತಾನ್’ ಅಂತಾರೆ, ‘ಪು ಯಾವ್ ಚೀತಾನ್’ ಅಂದ್ರೆ ಮೊಟ್ಟೆ ಬೇಡ. ಇಷ್ಟು ಬಾಯಲ್ಲಿ, ಉಳಿದಿದ್ದೆಲ್ಲ ಚೈನೀಸ್ ಅಕ್ಷರದಲ್ಲಿ ಪ್ರಿಂಟ್ ಹಾಕ್ಸಿ ಒಂದು ಕಾರ್ಡ್ ಇಟ್ಕೊಳ್ಳಿ: ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಆಯ್ಸ್ಟರ್ ಸಾಸ್, ಕೋಳಿ ಪುಡಿ ಯಾವುದೂ ಬೇಡ ಅಂತ. ಅಡುಗೆ ಮಾಡೋರ ಕೈಗೇ ಕೊಡಿ, ಓದಿ ತಲೆ ಆಡಿಸ್ತಾರೆ. ಬೌದ್ಧ ದೇವಸ್ಥಾನಗಳ ಅಕ್ಕಪಕ್ಕ ಸಸ್ಯಾಹಾರಿ ಹೋಟ್ಲು ಇರ್ತಾವೆ, ಗುವಾಂಗ್‌ಝೌಲಿ ಲ್ಯೋರೊಂಗ್ ದೇವಸ್ಥಾನ ಇದೆ, ಆ ಕಡೆ ವಿಚಾರಿಸಿ. ಬೌದ್ಧರ ಅಡುಗೆಲಿ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ಮನೇಲಿ ಹಿರಿಯರು ಜೊತೆಗೆ ಬರ್ತಿದ್ರೆ ಅವ್ರಿಗೂ ನೆಮ್ಮದಿ. ಒಂದಷ್ಟು ಚಟ್ನಿಪುಡಿ, ಅವಲಕ್ಕಿ ಬ್ಯಾಗಲ್ಲಿ ಇರ್ಲಿ.

ಮಂಡಕ್ಕಿ_ದಾವಣಗೆರೆ:
ಎಲ್ರಿಗೂ ಭಾಳ ಥ್ಯಾಂಕ್ಸ್. ಅಕ್ಕ, ಕಾರ್ಡ್ ಇವತ್ತೇ ರೆಡಿ ಮಾಡಿಸ್ತೀನಿ. ಡಾಕ್ಟ್ರೇ ಎರಡು ಪ್ರಶ್ನೆ. ಗುವಾಂಗ್‌ಝೌಲಿ ಕ್ಯಾಂಟನೀಸ್ ಅಂತ ಬೇರೆ ಭಾಷೆ ಅಂತಾರಲ್ಲ, ನಾನು ನೀವು ಹೇಳ್ಕೊಟ್ಟ ಮ್ಯಾಂಡರಿನ್, ಅಂದ್ರೆ ಚೀನಾದ ಎಲ್ಲಾ ಕಡೆ ನಡಿಯೋ ಚೈನೀಸ್, ಕಲಿತು ಪ್ರಯೋಜನ ಇದೆಯಾ? ಮತ್ತೆ ನಾನು ಹೇಳೋದು ಹೆಂಗೋ ಹೇಳ್ತೀನಿ, ಅವ್ರು ಪಟಪಟ ಅಂತ ಹೇಳೋದು ತಿಳಿಯೋದು ಹೆಂಗೆ?

ದುರ್ಗದ_ಡಾಕ್ಟ್ರು:
ಮ್ಯಾಂಡರಿನ್ನೇ ಕಲೀರಿ. ಊರಿನ ಹಿರಿಯರು ತಮ್ಮತಮ್ಮಲ್ಲಿ ಕ್ಯಾಂಟನೀಸ್ ಮಾತಾಡ್ತಾರೆ, ಆದ್ರೆ ಫ್ಯಾಕ್ಟರಿಗಳಲ್ಲಿ ಬೇರೆ ಬೇರೆ ಪ್ರಾಂತ್ಯದಿಂದ ಬಂದೋರೇ ಜಾಸ್ತಿ, ಅವ್ರ ನಡುವೆ ನಡಿಯೋದು ಮ್ಯಾಂಡರಿನ್.

ಎರಡನೇದಕ್ಕೆ, ‘ಥಿಂಗ್ ಪು ತೊಂಗ್’ ಅಂದ್ರೆ ಕೇಳಿ ಅರ್ಥ ಆಗ್ಲಿಲ್ಲ, ‘ಮಾನ್ ಯಿತ್ಯೆನ್’ ಅಂದ್ರೆ ಸ್ವಲ್ಪ ನಿಧಾನ. ಸಂಕೋಚ ಇಲ್ದೇ ಹೇಳ್ರಿ, ಬೇಜಾರು ಮಾಡ್ಕೊಳ್ಳಲ್ಲ. ಪ್ರಶ್ನೆನೂ ಅವ್ರು ಇಲ್ಲ-ಹೌದು ಅನ್ನೋ ಥರ ಉತ್ತರ ಬರೋ ಹಂಗೆ ಕೇಳ್ರಿ. ‘ಯೋ ಮೇಯೋ’ ಅಂದ್ರೆ ಐತಾ ಇಲ್ವಾ, ಸಾಮಾನು ತೋರಿಸಿ ಇಷ್ಟೇ ಕೇಳಿದ್ರೆ ‘ಯೋ’ ಇಲ್ಲಾ ‘ಮೇಯೋ’ ಅಂತ ಒಂದೇ ಪದದಲ್ಲಿ ಉತ್ತರ ಬರುತ್ತೆ. ಬೆರಳಲ್ಲಿ ಸಂಖ್ಯೆ ತೋರಿಸೋದೂ ಕಲ್ತಿರ್ರಿ, ಅವ್ರು ಹತ್ತರವರೆಗೂ ಒಂದೇ ಕೈಯಲ್ಲಿ ತೋರಿಸ್ತಾರೆ. ಹೆಬ್ಬೆರಳು ಕಿರುಬೆರಳು ಚಾಚಿದ್ರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದ್ರೆ ಎಂಟು, ನಾವು ಅದನ್ನ ಎರಡು ಅನ್ಕೊಂಡ್ಬಿಡ್ತೀವಿ.

ಕಿವಿ ಪಳಗಿಸೋಕೆ, ಈಗಾಗ್ಲೇ ನಿಮಗೆ ಕೊಟೇಶನ್ ಕಳಿಸಿರೋ ಸಪ್ಲೈಯರ್ ಇದ್ರೆ ರೇಟು, ವೋಲ್ಟೇಜು, ನಿಮಿಷಕ್ಕೆ ಎಷ್ಟು ಪೌಚು ಅನ್ನೋದನ್ನ ಚೈನೀಸಲ್ಲೇ ವಾಯ್ಸ್ ಮೆಸೇಜ್ ಮಾಡಿ ಅಂತ ಕೇಳ್ರಿ. ಕೊಟೇಶನ್ ಕೈಯಲ್ಲಿ ಇಟ್ಕೊಂಡು ಅದನ್ನೇ ದಿನಾ ರಾತ್ರಿ ತಿರುಗಿಸಿ ತಿರುಗಿಸಿ ಕೇಳ್ರಿ, ಆಮೇಲೆ ಹಾಳೆ ಮುಚ್ಚಿಟ್ಟು ಕೇಳಿ ಸಂಖ್ಯೆ ಬರ್ಕೊಳ್ರಿ. ಅಲ್ಲಿ ಹೋದಾಗ ನೀವು ಕೇಳೋದೂ ಇದೇ ಮಾತು.