ವಿಮಾನದಲ್ಲಿ ಹ್ಯಾಂಡ್‌ಹೆಲ್ಡ್ ಜಿಪಿಎಸ್: ವೇಗ ಸರಿ, ಎತ್ತರ ಮಾತ್ರ 7,000 ಅಡಿಯ ಆಸುಪಾಸು

ಪ್ರಶ್ನೆ
ಸಾಧನ ಗಾರ್ಮಿನ್ ಇಟ್ರೆಕ್ಸ್ 30. ಕಿಟಕಿ ಸೀಟು, ಸಿಬ್ಬಂದಿಯ ಅನುಮತಿಯೂ ಇತ್ತು. ವೇಗ ಗಂಟೆಗೆ 870 ಕಿ.ಮೀ., ನಕ್ಷೆಯಲ್ಲಿ ಜಾಗವೂ ಸರಿ. ಎಲಿವೇಶನ್ ಮಾತ್ರ 6,900 ಅಡಿ ದಾಟುತ್ತಿಲ್ಲ. ಎದುರಿನ ಪರದೆಯಲ್ಲಿ 35,000 ಇದೆ. ಸೆನ್ಸರ್ ಕೆಟ್ಟಿದೆಯೇ?

ಉತ್ತರ 1
ಕೆಟ್ಟಿಲ್ಲ. ನಿಮ್ಮ ಮಾಡೆಲ್‌ನಲ್ಲಿ ಬ್ಯಾರೋಮೀಟರ್ (ಗಾಳಿಯ ಒತ್ತಡ ಅಳೆಯುವ ಸೆನ್ಸರ್) ಇದೆ, 'ಎಲಿವೇಶನ್' ಫೀಲ್ಡ್ ಅದರ ಲೆಕ್ಕವನ್ನೇ ತೋರಿಸುತ್ತದೆ. 35,000 ಅಡಿಯಲ್ಲಿ ಹೊರಗಿನ ಒತ್ತಡ ಸುಮಾರು 238 ಹೆಕ್ಟೊಪ್ಯಾಸ್ಕಲ್. ಕ್ಯಾಬಿನ್ ಒಳಗೆ ಸುಮಾರು 785. ಅಂದರೆ ನೀವು ಓದುತ್ತಿರುವುದು ಕ್ಯಾಬಿನ್ನಿನ ಎತ್ತರ, ಒಳಗಿನ ಒತ್ತಡಕ್ಕೆ ಸಮನಾದ ಎತ್ತರ. ಪ್ರಯಾಣಿಕ ವಿಮಾನಗಳಲ್ಲಿ ಅದು ಸಾಮಾನ್ಯವಾಗಿ 8,000 ಅಡಿ ಮೀರುವುದಿಲ್ಲ. ಬೋಯಿಂಗ್ 787ರಲ್ಲಿ 6,000ದ ಹತ್ತಿರ.

ಟ್ರಿಪ್ ಕಂಪ್ಯೂಟರ್ ಪುಟದಲ್ಲಿ ಮೆನು ಒತ್ತಿ, ಡೇಟಾ ಫೀಲ್ಡ್ ಬದಲಿಸಿ 'ಜಿಪಿಎಸ್ ಎಲಿವೇಶನ್' ಹಾಕಿ. ಇದು ಉಪಗ್ರಹಗಳಿಂದ ಮಾತ್ರ ಬರುವ ಲೆಕ್ಕ. ಜೊತೆಗೆ ಸೆಟಪ್‌ನ ಆಲ್ಟಿಮೀಟರ್ ವಿಭಾಗದಲ್ಲಿ ಆಟೋ ಕ್ಯಾಲಿಬ್ರೇಶನ್ ಆಫ್ ಮಾಡಿ. ಇಲ್ಲದಿದ್ದರೆ ಅದು ಬ್ಯಾರೋಮೀಟರನ್ನು ಜಿಪಿಎಸ್ ಎತ್ತರದ ಕಡೆಗೆ ಮೆಲ್ಲಗೆ ಎಳೆಯುತ್ತದೆ. ಕೊನೆಗೆ ಅತ್ತ ಕ್ಯಾಬಿನ್ ಎತ್ತರವೂ ಅಲ್ಲ, ಇತ್ತ ವಿಮಾನದ್ದೂ ಅಲ್ಲದ ಒಂದು ಅಂಕಿ ಉಳಿಯುತ್ತದೆ. ಜಾಗವನ್ನು ಹತ್ತಿರದ ರಸ್ತೆಗೆ ಅಂಟಿಸುವ 'ಲಾಕ್ ಆನ್ ರೋಡ್' ಕೂಡ ಬೇಡ.

ಪ್ರಶ್ನೆ ಕೇಳಿದವರು
ಫೀಲ್ಡ್ ಬದಲಿಸಿದೆ, ಧನ್ಯವಾದ. ಈಗ 36,400 ಬರುತ್ತಿದೆ, ಪರದೆಯಲ್ಲಿ 35,000. ನಡುನಡುವೆ ಅಂಕಿ ಅಲ್ಲಾಡದೆ ನಿಂತೂ ಬಿಡುತ್ತದೆ. ಯಾವುದನ್ನು ನಂಬಲಿ?

ಉತ್ತರ 2
ಎರಡನ್ನೂ ನಂಬಬಹುದು, ಅವು ಅಳೆಯುವುದು ಬೇರೆ ಬೇರೆ. ವಿಮಾನದ 35,000 ಎಂಬುದು ಒತ್ತಡದ ಎತ್ತರ: ಆಲ್ಟಿಮೀಟರನ್ನು 1013.25 ಹೆಕ್ಟೊಪ್ಯಾಸ್ಕಲ್‌ಗೆ ಇಟ್ಟು, ಪ್ರಮಾಣಿತ ವಾತಾವರಣದ ಪಟ್ಟಿಯಂತೆ ಓದಿದ್ದು. ಎಲ್ಲ ವಿಮಾನಗಳೂ ಹೀಗೇ ಓದುವುದರಿಂದ ಒಂದರಿಂದೊಂದಕ್ಕೆ ಅಂತರ ಕಾಯಲು ಇದೇ ಸಾಕು. ಆದರೆ ಕೆಳಗಿನ ಗಾಳಿ ಪ್ರಮಾಣಕ್ಕಿಂತ ಬೆಚ್ಚಗಿದ್ದರೆ ಹಿಗ್ಗಿ, ಅದೇ ಒತ್ತಡದ ಮಟ್ಟ ಮೇಲಕ್ಕೆ ಹೋಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಸುಮಾರು ಶೇ. 4, ಅಂದರೆ 35,000ಕ್ಕೆ 1,400 ಅಡಿ. ನಿಮ್ಮ ವ್ಯತ್ಯಾಸ ಹೆಚ್ಚುಕಮ್ಮಿ ಅಷ್ಟೇ ಇದೆ. ಚಳಿಯ ಗಾಳಿಯ ಮೇಲೆ ಹಾರುವಾಗ ಜಿಪಿಎಸ್ ಅಂಕಿಯೇ ಕಡಿಮೆ ಬರುವುದುಂಟು.

ಅಂಕಿ ನಿಲ್ಲುವುದು ಬೇರೆ ಕಾಯಿಲೆ. ಎತ್ತರಕ್ಕೆ ಕನಿಷ್ಠ 4 ಉಪಗ್ರಹ ಬೇಕು. 3ಕ್ಕೆ ಇಳಿದರೆ ಸಾಧನ 2ಡಿ ಫಿಕ್ಸ್‌ಗೆ (ಎತ್ತರ ಬಿಟ್ಟು ಜಾಗವನ್ನಷ್ಟೇ ಲೆಕ್ಕ ಹಾಕುವ ಸ್ಥಿತಿಗೆ) ಜಾರಿ, ಹಳೆಯ ಎತ್ತರವನ್ನೇ ಹಿಡಿದುಕೊಳ್ಳುತ್ತದೆ. ಜಾಗ ಮಾತ್ರ ಸರಿಯುತ್ತಿರುತ್ತದೆ. ಹಾಗಾಗಿ ಉಪಗ್ರಹ ಪುಟ ನೋಡದೆ ಎತ್ತರ ಬರೆದುಕೊಳ್ಳಬೇಡಿ. ಕಿಟಕಿಯಿಂದ ಆಕಾಶದ ಒಂದು ಪಕ್ಕ ಮಾತ್ರ ಕಾಣುವುದರಿಂದ 3ಡಿ ಇದ್ದಾಗಲೂ ಎತ್ತರದ ದೋಷ ಜಾಗದ ದೋಷಕ್ಕಿಂತ ದೊಡ್ಡದು. ಸಾಧನವನ್ನು ಗಾಜಿಗೆ ತಾಗಿಸಿ, ಮುಖ ಆಕಾಶಕ್ಕೆ ಮಾಡಿ ಹಿಡಿಯಿರಿ, ಇದರದ್ದು ಚಪ್ಪಟೆಯಾದ ಪ್ಯಾಚ್ ಆಂಟೆನಾ. ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್‌ನಂತೆ ಹೊರಗೆ ಆಂಟೆನಾದ ಗೂಟವಿರುವುದಾದರೆ ನೆಟ್ಟಗೆ ನಿಲ್ಲಿಸಿ.

ಉತ್ತರ 1
ಇನ್ನೊಂದು: ಹತ್ತುವ ಮೊದಲು ಬಯಲಲ್ಲಿ ಫಿಕ್ಸ್ ತೆಗೆದುಕೊಳ್ಳಿ. ಪ್ರತಿ ಉಪಗ್ರಹದ ಕಕ್ಷೆಯ ವಿವರ ಬರಲು 30 ಸೆಕೆಂಡ್ ತಡೆಯಿಲ್ಲದ ಸಿಗ್ನಲ್ ಬೇಕು, ಪೂರ್ತಿ ಆಲ್ಮನಾಕ್‌ಗೆ (ಎಲ್ಲ ಉಪಗ್ರಹಗಳ ಸ್ಥೂಲ ಕಕ್ಷೆಗಳ ಪಟ್ಟಿಗೆ) 12.5 ನಿಮಿಷ. ಹಾರುವಾಗ ಕಿಟಕಿಯ ಬಳಿ ಇದನ್ನು ಮೊದಲಿನಿಂದ ಶುರುಮಾಡಿದರೆ ಸಿಗ್ನಲ್ ಪದೇ ಪದೇ ಕಡಿದು ಬ್ಯಾಟರಿಯಷ್ಟೇ ಖಾಲಿ. ಕಕ್ಷೆಯ ವಿವರ ಸುಮಾರು 4 ಗಂಟೆ ಬಾಳುತ್ತದೆ, ಟೇಕಾಫ್‌ಗೆ ಆಫ್ ಮಾಡಿದ್ದರೂ ಮತ್ತೆ ಬೇಗ ಹಿಡಿಯುತ್ತದೆ.

18,000 ಮೀಟರ್, 1,000 ನಾಟ್ ಮೀರಿದರೆ ನಾಗರಿಕ ಜಿಪಿಎಸ್ ಕೆಲಸ ನಿಲ್ಲಿಸುತ್ತದೆ ಎಂಬ ಮಿತಿಯ ಬಗ್ಗೆ ಓದಿ ಗಾಬರಿಯಾಗುವವರಿದ್ದಾರೆ. ಪ್ರಯಾಣಿಕ ವಿಮಾನ ಅದರ ಹತ್ತಿರವೂ ಸುಳಿಯುವುದಿಲ್ಲ.

ಪ್ರಶ್ನೆ ಕೇಳಿದವರು
ಟ್ರ್ಯಾಕ್ ಫೈಲ್‌ನಲ್ಲಿ ಯಾವ ಎತ್ತರ ಉಳಿಯುತ್ತದೆ?

ಉತ್ತರ 2
ಬ್ಯಾರೋಮೀಟರಿನದ್ದೇ, ಅಂದರೆ ಕ್ಯಾಬಿನ್ನಿನದು. ಹಾರಾಟದ ಎತ್ತರದ ಗ್ರಾಫ್ ಬೇಕಿದ್ದರೆ ಬ್ಯಾರೋಮೀಟರ್ ಇಲ್ಲದ ಇಟ್ರೆಕ್ಸ್ 10 ಅಥವಾ 20 ಒಳ್ಳೆಯದು. ಇಳಿದ ಮೇಲೆ, ಎತ್ತರ ಗೊತ್ತಿರುವ ಕಡೆ ನಿಮ್ಮದನ್ನು ಕ್ಯಾಲಿಬ್ರೇಟ್ ಮಾಡಿ, ಆಮೇಲೆ ಆಟೋ ಕ್ಯಾಲಿಬ್ರೇಶನ್ ಆನ್ ಮಾಡಿ.