ಶನಿವಾರ ರಾತ್ರಿಯ ಬ್ಲೂಸ್ ರೇಡಿಯೊ: ನನ್ನ ಮಾತು ಹೆಚ್ಚಾಯಿತೇ?

ಹಳೆಯ ಕ್ಯಾಸೆಟ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಹಗಲೆಲ್ಲ ಸುಟ್ಟ ಪಂಪ್‌ಸೆಟ್ ಬಿಚ್ಚಿ ತಾಮ್ರದ ತಂತಿ ಸುತ್ತುತ್ತೇನೆ. ಶನಿವಾರ ರಾತ್ರಿ ಎರಡು ಗಂಟೆ ಮಾತ್ರ ಇಂಟರ್ನೆಟ್ ರೇಡಿಯೊದಲ್ಲಿ ರಾಕ್ ಮತ್ತು ಬ್ಲೂಸ್ (ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಾಡುಗಾರಿಕೆ) ಹಾಕುತ್ತೇನೆ. ನಿಲಯವನ್ನು ನಡೆಸುವವರು ಇಂಗ್ಲೆಂಡಿನ ಕೆಲವು ಹವ್ಯಾಸಿಗಳು. ಯಾರಿಗೂ ಸಂಬಳವಿಲ್ಲ, ಜಾಹೀರಾತೂ ಇಲ್ಲ. ಸರ್ವರ್ ಬಾಡಿಗೆಗೆ, ಪರವಾನಗಿ ಶುಲ್ಕಕ್ಕೆ ಎಲ್ಲರೂ ಕೈಯಿಂದ ಹಾಕುತ್ತೇವೆ. ಏಪ್ರಿಲ್‌ನಲ್ಲಿ ಅವರ ವೇಳಾಪಟ್ಟಿಯಲ್ಲಿ ಒಂದು ಜಾಗ ಖಾಲಿ ಬಿತ್ತು. ಕನ್ನಡದಲ್ಲಿ ಮಾತನಾಡಿದರೆ ಆದೀತೇ ಎಂದು ಕೇಳಿದೆ. ಹಾಡು ಚೆನ್ನಾಗಿರಲಿ, ಮಾತು ಯಾವ ಭಾಷೆಯದಾದರೂ ಇರಲಿ ಎಂದರು.

ಸ್ಟುಡಿಯೊ ಎಂದರೆ ಮಹಡಿಯ ಮೇಲಿನ ಸಾಮಾನು ಕೋಣೆ. ಗೋಡೆಗಳು ಗುಂಯ್ ಎನ್ನುತ್ತಿದ್ದವು. ಅಜ್ಜಿ ಹೊಲಿದ ಎರಡು ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ ಮೇಲೆ ಸುಮ್ಮನಾದವು. ಫ್ಯಾನ್ ಹಾಕುವಂತಿಲ್ಲ, ಅದರ ಸದ್ದನ್ನು ಮೈಕ್ ಎಳೆದುಕೊಳ್ಳುತ್ತದೆ. ಮೇ ತಿಂಗಳ ಸೆಕೆಯಲ್ಲಿ ಬರೀ ಬನಿಯನ್ನಿನಲ್ಲಿ ಕುಳಿತು ಬ್ಲೂಸ್ ಗಾಯಕ ಹೌಲಿನ್ ವುಲ್ಫ್‌ನನ್ನು ಪರಿಚಯಿಸಿದ್ದೇನೆ. ಟಿವಿ ಅಲ್ಲ, ರೇಡಿಯೊ ಎಂಬುದು ಪುಣ್ಯ. "ಇಂಥ ಗಂಟಲು ಇನ್ನೊಂದಿಲ್ಲ" ಎಂದು ನಾನು ಹೇಳಿದ್ದೇ ತಡ, ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಧಾರವಾಡದ ಕೇಳುಗರೊಬ್ಬರು ಚಾಟ್‌ನಲ್ಲಿ "ಸತ್ಯ, ಸತ್ಯ" ಎಂದು ಬರೆದರು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ 1929ರಲ್ಲಿ ಧ್ವನಿಮುದ್ರಿಸಿದ ‘ವೆನ್ ದ ಲೆವಿ ಬ್ರೇಕ್ಸ್’ ಹಾಕಿ, ಅದರ ಬೆನ್ನಿಗೇ ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪ್ಲಿನ್‌ನವರು 1971ರಲ್ಲಿ ಹೊರತಂದ ಅದೇ ಹಾಡನ್ನು ಹಾಕಬೇಕೆಂದಿದ್ದೆ. ನದಿಯ ಒಡ್ಡು ಒಡೆಯುವ ಹಾಡು ಅದು. ಅದರ ಹಿಂದೆ 1927ರ ಮಿಸಿಸಿಪ್ಪಿ ಪ್ರವಾಹವಿದೆ. ಮೂರು ರಾತ್ರಿ ಓದಿ ಟಿಪ್ಪಣಿ ಮಾಡಿಕೊಂಡಿದ್ದೆ. ಯಾವ ಯಾವ ರಾಜ್ಯ ಮುಳುಗಿತು, ಎಷ್ಟು ದಿನ ನೀರು ನಿಂತಿತ್ತು, ಕಪ್ಪು ಜನರನ್ನು ಬಂದೂಕು ತೋರಿಸಿ ಒಡ್ಡಿನ ಮೇಲೆ ಹೇಗೆ ದುಡಿಸಿದರು, ಎಲ್ಲವನ್ನೂ ಹೇಳಿದೆ. ಆಮೇಲೆ ಧ್ವನಿಮುದ್ರಣ ಹಾಕಿ ನೋಡಿದರೆ ನನ್ನ ಮಾತೇ 7 ನಿಮಿಷ 40 ಸೆಕೆಂಡ್! ಕೇಳುಗರ ಎಣಿಕೆ 14 ಇದ್ದದ್ದು 9ಕ್ಕೆ ಇಳಿಯಿತು. ಒಬ್ಬರು, "ಅಣ್ಣಾ, ನೀರು ಇಳಿದಿದೆ, ಇನ್ನು ಹಾಡು ಹಾಕಿ" ಎಂದು ಬರೆದರು.

ನಗು ಬಂತು, ಬೇಸರವೂ ಆಯಿತು. ಆ ಹಾಡು ನನಗೆ ದೂರದ್ದಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದ ಮೇಲೆ ಎರಡು ತಿಂಗಳು ನನ್ನ ಅಂಗಡಿಯ ಮುಂದೆ ಮೋಟಾರ್‌ಗಳ ಸಾಲು. ಕಳಚಿದರೆ ಒಳಗೆಲ್ಲ ಕೆಸರು. ಒಂದರಲ್ಲಿ ಕಾಯಿಲ್‌ಗಳ ನಡುವೆ ಬೆರಳುದ್ದದ ಸತ್ತ ಮೀನು ಸಿಕ್ಕಿಕೊಂಡಿತ್ತು. ಮೋಟಾರ್ ತಂದಿದ್ದ ರೈತ ಅದನ್ನು ನೋಡಿ ಏನೂ ಹೇಳದೆ ಹೊರಗೆ ಹೋಗಿ ಕುಳಿತುಬಿಟ್ಟ.

ಹಾಡುಗಳ ನಡುವೆ ಎಷ್ಟು ಮಾತನಾಡಬೇಕು? ಜೊತೆಗೆ ಇನ್ನೆರಡು ಪ್ರಶ್ನೆ. ಅದೇ ರಾತ್ರಿ ಕರೆಂಟ್ ಹೋಗಿ ನಾಲ್ಕು ನಿಮಿಷ ಪ್ರಸಾರ ಮೌನವಾಯಿತು, ಅದಕ್ಕೇನು ಮಾಡಲಿ? ಕಂತುಗಳನ್ನು ಡೌನ್‌ಲೋಡ್‌ಗೆ ಇಡಿ ಎಂದು ಗೆಳೆಯರು ಕಾಡುತ್ತಿದ್ದಾರೆ, ಇಡಬಹುದೇ?

ಬಯಲುಸೀಮೆ

ಮಾತಿಲ್ಲದ ಹಾಡು ಬೇಕಾದವರಿಗೆ ಆ್ಯಪ್‌ಗಳಿವೆ. ನೀವು ಮಾತನಾಡಿ. ಏಳು ನಿಮಿಷ ಮಾತ್ರ ಬೇಡ.

ಮುಳ್ಳು ಮತ್ತು ತಟ್ಟೆ, ಮೈಸೂರು

ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದವಳು ನಾನು. 2013ರಿಂದ ಇಂಥದೇ ಹವ್ಯಾಸಿ ನಿಲಯಗಳಲ್ಲಿ ಬ್ಲೂಸ್ ಕಾರ್ಯಕ್ರಮ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೀನಿನ ಕತೆಯನ್ನು ರೇಡಿಯೊದಲ್ಲಿ ಹೇಳಿದಿರಾ? ಹೇಳಿರಲಿಕ್ಕಿಲ್ಲ ಎಂದೇ ನನ್ನ ಊಹೆ. ಏಳು ನಿಮಿಷ ಮಿಸಿಸಿಪ್ಪಿಯ ಲೆಕ್ಕ ಒಪ್ಪಿಸಿ, ನಿಮ್ಮ ಕೈಯಾರೆ ಕಂಡದ್ದನ್ನು ಇಲ್ಲಿ ನಮಗೆ ಹೇಳುತ್ತಿದ್ದೀರಿ. ಆ ಲೆಕ್ಕ ಯಾರಿಗೆ ಬೇಕಾದರೂ ಸಿಗುತ್ತದೆ. ಮೋಟಾರ್ ಒಳಗಿನ ಮೀನು ನಿಮ್ಮಲ್ಲಿ ಮಾತ್ರ ಇದೆ. ಅಷ್ಟನ್ನು ಹೇಳಿ, ಹಾಡಿನ ಹೆಸರು ಮತ್ತು ವರ್ಷ ಹೇಳಿ, ಮೈಕ್ ಮುಚ್ಚಿ. ಅರ್ಧ ನಿಮಿಷ ಧಾರಾಳವಾಯಿತು. ಬಂದೂಕಿನ ಸಂಗತಿ ಮುಖ್ಯವೇ, ಆದರೆ ಅದನ್ನು ಹಾಡು ಮುಗಿದ ಮೇಲೆ ಹೇಳಿ. ಹಾಡು ಕೇಳಿದವನಿಗೆ ಆಗ ಅದು ಬೇಕೆನಿಸುತ್ತದೆ, ಮೊದಲೇ ಹೇಳಿದರೆ ಪಾಠವಾಗುತ್ತದೆ. ಇನ್ನೊಂದು ಮಾತು: ಹಾಡು ಶುರುವಾದ ಮೇಲೆ ಅದರ ಮೇಲೆ ಮಾತನಾಡಬೇಡಿ. ಗಿಟಾರಿನ ಮೊದಲ ನಾಲ್ಕು ಪಟ್ಟುಗಳನ್ನು ನಿರೂಪಕಿ ನುಂಗಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ನಿರೂಪಕಿ ಎಷ್ಟೋ ಸಲ ನಾನೇ ಆಗಿದ್ದೇನೆ.

ಅಮೆರಿಕದ ಆರ್ಕನ್ಸಾ ರಾಜ್ಯದ ಹೆಲೆನಾ ಎಂಬ ಊರಿನ ಕೆಎಫ್‌ಎಫ್‌ಎ ನಿಲಯದಲ್ಲಿ ‘ಕಿಂಗ್ ಬಿಸ್ಕಿಟ್ ಟೈಮ್’ ಎಂಬ ಬ್ಲೂಸ್ ಕಾರ್ಯಕ್ರಮ 1941ರಲ್ಲಿ ಶುರುವಾಯಿತು. ಗೋಧಿ ಹಿಟ್ಟಿನ ಕಂಪನಿಯ ಪ್ರಾಯೋಜನೆ, ಸನ್ನಿ ಬಾಯ್ ವಿಲಿಯಮ್ಸನ್ ಎದುರಿಗೇ ಕುಳಿತು ಹಾರ್ಮೋನಿಕಾ ನುಡಿಸುತ್ತಿದ್ದ. ಸನ್ನಿ ಪೇನ್ ಎಂಬ ನಿರೂಪಕ 1951ರಿಂದ 2018ರಲ್ಲಿ ಸಾಯುವವರೆಗೆ ಅದನ್ನು ನಡೆಸಿದರು. ಮಧ್ಯಾಹ್ನ 12.15ಕ್ಕೆ, ಹೊಲದ ಕೆಲಸದವರು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಅದು ಬರುತ್ತಿತ್ತು. ರೊಟ್ಟಿ ಮುರಿಯುತ್ತಿರುವವನ ಮುಂದೆ ಉಪನ್ಯಾಸ ನಡೆಯುವುದಿಲ್ಲ, ನೋಡಿ. ನಿಮ್ಮ ಕೇಳುಗರು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ ಎಂದು ಚಾಟ್‌ನಲ್ಲಿ ಒಮ್ಮೆ ಕೇಳಿ. ಕೇಳಿ ಉತ್ತರಕ್ಕಾಗಿ ಸುಮ್ಮನೆ ಕಾಯಬೇಡಿ. ನಿಮ್ಮ ಮಾತು ಅವರನ್ನು ಮುಟ್ಟಲು ಇಪ್ಪತ್ತು ಮೂವತ್ತು ಸೆಕೆಂಡ್ ಬೇಕು. ಮೊದಲ ವರ್ಷ ನಾನು "ಯಾರಿದ್ದೀರಿ?" ಎಂದು ಕೇಳಿ, ಯಾರೂ ಇಲ್ಲವೆಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ಮುಂದಿನ ಹಾಡು ಅರ್ಧ ಮುಗಿದಾಗ ಆರು ಉತ್ತರಗಳು ಒಟ್ಟಿಗೆ ಬಂದವು.

ಕೇಳುಗರ ಎಣಿಕೆಯನ್ನು ಮಾತ್ರ ನಂಬಬೇಡಿ. ಅದು ಸರ್ವರ್‌ಗೆ ಬಂದ ಸಂಪರ್ಕಗಳನ್ನು ಎಣಿಸುತ್ತದೆ, ಕಿವಿಗಳನ್ನಲ್ಲ. ನನ್ನ ಹದಿನಾಲ್ಕರಲ್ಲಿ ಮೂರು ನಾನೇ ಎಂಬುದು ಗೊತ್ತಾಗಲು ಎರಡು ವರ್ಷ ಹಿಡಿಯಿತು: ಪರೀಕ್ಷೆಗೆಂದು ತೆರೆದಿಟ್ಟ ಮೊಬೈಲ್, ಅಡುಗೆಮನೆಯಲ್ಲಿ ಯಜಮಾನರು ಹಾಕಿಕೊಂಡಿದ್ದ ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ನಲ್ಲಿ ಮರೆತುಬಿಟ್ಟ ಇನ್ನೊಂದು ಕಿಟಕಿ. ನಿಮ್ಮ ಒಂಬತ್ತರಲ್ಲಿ ನೀವೆಷ್ಟು?

ಕರೆಂಟ್ ವಿಚಾರವನ್ನು ಮೋಟಾರ್ ಕಟ್ಟುವವರಿಗೆ ನಾನು ಹೇಳಬೇಕೇ? ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಸತ್ತದ್ದು ರೌಟರ್. ಅದಕ್ಕೊಂದು ಸಣ್ಣ ಯುಪಿಎಸ್ ಸಾಕು. ಇಲ್ಲವೇ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿಕೊಳ್ಳಿ. 128 ಕೆಬಿಪಿಎಸ್‌ನಲ್ಲಿ ಎರಡು ಗಂಟೆಗೆ ನಿಮ್ಮ ಕಡೆಯಿಂದ ಹೋಗುವುದು ಸುಮಾರು 115 ಎಂಬಿ, ಅಷ್ಟೇ. ಕೇಳುಗರು ಒಂಬತ್ತಿರಲಿ ತೊಂಬತ್ತಿರಲಿ ನೀವು ಕಳಿಸುವುದು ಒಂದೇ ಪ್ರತಿ. ಹಂಚುವುದು ಸರ್ವರ್‌ನ ಪಾಡು. ನೀವು ಕಡಿದುಹೋದ ತಕ್ಷಣ ತಾನಾಗಿ ಹಾಡುಗಳ ಪಟ್ಟಿ ಓಡುವ ಹಾಗೆ ನಿಲಯದವರಿಗೆ ಹೊಂದಿಸಲು ಹೇಳಿ. ಇಂಟರ್ನೆಟ್ ರೇಡಿಯೊ ನಡೆಸುವ ಐಸ್‌ಕಾಸ್ಟ್, ಅಝುರಾಕಾಸ್ಟ್ ಎಂಬ ತಂತ್ರಾಂಶಗಳೆರಡರಲ್ಲೂ ಆ ಸೌಲಭ್ಯವಿದೆ.

1929ರ ಹಾಡಿನ ಹಿಂದೆ 1971ರದ್ದು ಹಾಕುವಾಗ ಧ್ವನಿಮಟ್ಟ ನೋಡಿಕೊಳ್ಳಿ. ಹಳೆಯ ಗ್ರಾಮಫೋನ್ ತಟ್ಟೆಯಿಂದ ಇಳಿಸಿದ್ದು ಮೆತ್ತಗಿರುತ್ತದೆ, ಕೇಳುಗರು ವಾಲ್ಯೂಮ್ ಏರಿಸಿಕೊಂಡಿರುತ್ತಾರೆ. ಆಮೇಲೆ ಲೆಡ್ ಜೆಪ್ಲಿನ್‌ನ ಜಾನ್ ಬಾನಮ್‌ನ ಡ್ರಮ್ ಬಡಿದರೆ ಮನೆಯಲ್ಲಿ ಮಲಗಿದ ಮಗು ಎದ್ದುಬಿಡುತ್ತದೆ. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಮೆಟ್ಟಿಲುಗಳ ಬುಡದಲ್ಲಿ ಡ್ರಮ್ ಇಟ್ಟು, ಮೇಲಿನಿಂದ ಮೈಕ್ ಇಳಿಬಿಟ್ಟು ಮುದ್ರಿಸಿದ ಸದ್ದು ಅದು. ಕೌದಿಗೆ ಮಣಿಯುವಂಥದಲ್ಲ.

ಮೈಸೂರಿನವಳಾಗಿ ಇದೊಂದನ್ನು ಹೇಳದೆ ಇರಲಾರೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಇಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು; ದೇಶದ ರೇಡಿಯೊಗೆ ಅದು ಬಂದದ್ದು ಆಮೇಲೆ. ನಿಮ್ಮ ಸಾಮಾನು ಕೋಣೆಗೆ ನಾಚಿಕೊಳ್ಳಬೇಡಿ.

ಕಲಂ ಮೂವತ್ತೊಂದು, ಬೆಂಗಳೂರು

ಡೌನ್‌ಲೋಡ್ ಪ್ರಶ್ನೆಗೆ ಉತ್ತರ: ಇಡಬೇಡಿ. ಪ್ರತಿ ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ, ರಚನೆಯದ್ದೊಂದು, ಧ್ವನಿಮುದ್ರಣದ್ದೊಂದು. ಇಂಗ್ಲೆಂಡಿನಲ್ಲಿ ಮೊದಲನೆಯದನ್ನು ಪಿಆರ್‌ಎಸ್, ಎರಡನೆಯದನ್ನು ಪಿಪಿಎಲ್ ಎಂಬ ಸಂಸ್ಥೆಗಳು ನೋಡಿಕೊಳ್ಳುತ್ತವೆ. ನೇರ ಪ್ರಸಾರಕ್ಕೆಂದು ನಿಲಯ ಪಡೆದ ಅನುಮತಿ, ಇಡೀ ಹಾಡುಗಳಿರುವ ಕಂತನ್ನು ಇಳಿಸಿಕೊಳ್ಳಲು ಕೊಡುವುದಕ್ಕೆ ಸಾಲದು. ನಿಮ್ಮ ಮಾತುಗಳನ್ನು ಮಾತ್ರ ಕತ್ತರಿಸಿ ಇಡಬಹುದು. ಏಳು ನಿಮಿಷದ್ದೂ ಸೇರಿ.

ಮುಂದೆ ಹುಬ್ಬಳ್ಳಿಯಲ್ಲೇ ಸ್ವಂತ ನಿಲಯ ತೆರೆಯುವ ಯೋಚನೆ ಬಂದರೆ ಜಾಗ್ರತೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಡಿ ಕಲಮಿನಡಿ ಪ್ರಸಾರಕರು ನಿಗದಿತ ದರ ಕೊಟ್ಟು ಹಾಡು ಹಾಕಬಹುದು. ಆದರೆ ಅದು ರೇಡಿಯೊ ಮತ್ತು ಟಿವಿಗೆ ಮಾತ್ರ, ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ ಟಿಪ್ಸ್ ಎಂಬ ಸಂಗೀತ ಕಂಪನಿ ಮತ್ತು ವಿಂಕ್ ಎಂಬ ಹಾಡಿನ ಆ್ಯಪ್ ನಡುವಿನ ಪ್ರಕರಣದಲ್ಲಿ 2019ರಲ್ಲಿ ಹೇಳಿತು. 2022ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಅಂದರೆ ಒಬ್ಬೊಬ್ಬ ಹಕ್ಕುದಾರರ ಜೊತೆಯೂ ಮಾತುಕತೆ ನಡೆಸಬೇಕು. ಈಗಿರುವ ಇಂಗ್ಲೆಂಡಿನ ನಿಲಯದ ನೆರಳಿನಲ್ಲೇ ಇರಿ.

ಮುಳ್ಳು ಮತ್ತು ತಟ್ಟೆ, ಮೈಸೂರು

ಕಲಂ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಅಮೆರಿಕದ ಶಾಸನಬದ್ಧ ಪರವಾನಗಿಯಲ್ಲಿ ನಡೆಯುವ ನಿಲಯವಾದರೆ, ಮೂರು ಗಂಟೆಯೊಳಗೆ ಒಬ್ಬನೇ ಕಲಾವಿದನ ನಾಲ್ಕಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ. 2015ರಲ್ಲಿ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ತೀರಿಕೊಂಡಾಗ ನಾನು ಅಂಥ ನಿಲಯದಲ್ಲಿದ್ದೆ. ಎರಡು ಗಂಟೆ ಪೂರ್ತಿ ಅವನನ್ನೇ ಹಾಕಬೇಕೆಂದು ಕುಳಿತಿದ್ದವಳಿಗೆ ಈ ಕಟ್ಟಳೆ ಅಡ್ಡಬಂತು. ಅವನದು ನಾಲ್ಕು ಹಾಕಿ, ಉಳಿದ ಹೊತ್ತೆಲ್ಲ ಅವನು ಯಾರಿಂದ ಕಲಿತನೋ ಅವರನ್ನು ಹಾಕಿದೆ: ಟಿ-ಬೋನ್ ವಾಕರ್, ಲಾನಿ ಜಾನ್ಸನ್. ನಾನು ನಡೆಸಿದ ಕಾರ್ಯಕ್ರಮಗಳಲ್ಲಿ ಅದಕ್ಕಿಂತ ಒಳ್ಳೆಯದು ನೆನಪಾಗುತ್ತಿಲ್ಲ.

ಲೆಸ್ಟರ್‌ನಲ್ಲೊಬ್ಬ

ನಾನು ನಡೆಸುವವನಲ್ಲ, ಕೇಳುವವನು. ಕ್ಯಾಸೆಟ್ ಸರ್, ಅಂದು ಕಡಿಮೆಯಾದ ಐವರಲ್ಲಿ ಒಬ್ಬ ನಾನೇ. ಮಾತು ಬೇಸರವಾಗಿ ಹೋದವನಲ್ಲ. ಮಗಳನ್ನು ಈಜಿನ ತರಗತಿಯಿಂದ ಕರೆತರುವ ಹೊತ್ತಾಗಿತ್ತು. ಶನಿವಾರ ಸಂಜೆ ನಾಲ್ಕಕ್ಕೆ ವಾರದ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡುತ್ತಾ ನಿಮ್ಮನ್ನು ಕೇಳುತ್ತೇನೆ. ಒಂದು ಅಂಗಿಗೆ ಒಂದು ಹಾಡು, ಲೆಕ್ಕ ಸರಿಹೋಗುತ್ತದೆ.

ನವೆಂಬರ್ ಮೊದಲ ಶನಿವಾರ ನೀವು ಬರಲೇ ಇಲ್ಲ. ಕಾರಣ ಊಹಿಸಿದ್ದೇನೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೇಸಗೆಯಲ್ಲಿ ನಮ್ಮ ನಾಲ್ಕು ಗಂಟೆ ಎಂದರೆ ನಿಮಗೆ ರಾತ್ರಿ 8.30, ಚಳಿಗಾಲದಲ್ಲಿ 9.30. ಮಾರ್ಚ್ ಕೊನೆಯ ಭಾನುವಾರ ಮತ್ತೆ ಮೊದಲಿನಂತೆ. ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ಹಳೆಯ ಕ್ಯಾಸೆಟ್, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದ. ಲೆಸ್ಟರ್‌ನವರೇ, ಊಹೆ ಸರಿ. ಆ ಶನಿವಾರ 8.30ಕ್ಕೆ ಕುಳಿತರೆ ಸರ್ವರ್ ನನ್ನನ್ನು ಒಳಗೇ ಬಿಡಲಿಲ್ಲ. ಪಾಸ್‌ವರ್ಡ್ ಬದಲಾಯಿಸಿ ನನ್ನನ್ನು ಹೊರಗೆ ಹಾಕಿದ್ದಾರೆ ಎಂದು ಸಿಟ್ಟಾಗಿ ಉಂಡು ಮಲಗಿಬಿಟ್ಟೆ. ಬೆಳಿಗ್ಗೆ ನಿಲಯದವರ ಮೇಲ್ ನೋಡಿದಾಗ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಅಕ್ಕಾ, ಎಣಿಕೆ ಪರೀಕ್ಷಿಸಿದೆ. ಒಂಬತ್ತರಲ್ಲಿ ನಾನು ಎರಡು. ಒಂದು ನನ್ನ ಮೊಬೈಲ್, ಇನ್ನೊಂದು ಅಂಗಡಿಯ ಕಂಪ್ಯೂಟರ್. ಅದು ಯಾವ ಶನಿವಾರದಿಂದ ಓಡುತ್ತಿತ್ತೋ ಗೊತ್ತಿಲ್ಲ, ಬಾಗಿಲು ಮುಚ್ಚಿದ ಅಂಗಡಿಯಲ್ಲಿ ಸುಟ್ಟ ಮೋಟಾರ್‌ಗಳಿಗೆ ಬ್ಲೂಸ್ ಕೇಳಿಸುತ್ತಿತ್ತು. ಈಗ ಎಣಿಕೆ ತೋರಿಸುವ ಪರದೆಯ ಮೂಲೆಗೆ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ರೌಟರ್‌ಗೆ ಹಳೆಯ ಬೈಕ್ ಬ್ಯಾಟರಿಯಿಂದ ಒಂದು ವ್ಯವಸ್ಥೆ ಮಾಡಿದೆ. ನನ್ನ ಹೆಂಡತಿಗೆ ಅದರ ಮೇಲೆ ನಂಬಿಕೆ ಇಲ್ಲ, ಕಾರ್ಯಕ್ರಮ ಮುಗಿಯುವವರೆಗೆ ಆ ಕಡೆ ಸುಳಿಯುವುದಿಲ್ಲ. ಡೌನ್‌ಲೋಡ್ ವಿಚಾರ ಕೈಬಿಟ್ಟೆ.

ಮೊನ್ನೆ ಶನಿವಾರ ಅದೇ ಎರಡು ಹಾಡುಗಳನ್ನು ಮತ್ತೆ ಹಾಕಿದೆ. ಟಿಪ್ಪಣಿಯ ಹಾಳೆಗಳನ್ನು ಕೆಳಗಿನ ಮನೆಯಲ್ಲೇ ಬಿಟ್ಟು ಬಂದಿದ್ದೆ. ಮೋಟಾರ್, ಕೆಸರು, ಮೀನು, ಹೊರಗೆ ಕುಳಿತ ರೈತ, ಅಷ್ಟೇ ಹೇಳಿದೆ. ಆಮೇಲೆ ಅಳೆದರೆ 31 ಸೆಕೆಂಡ್. ಜೋ ಹಾಡುವಾಗ ಹಿಂದಿನಿಂದ ಮಿನ್ನಿಯ ಗಿಟಾರ್ ಓಡುತ್ತದಲ್ಲ, ಅಲ್ಲಿ ಕೆಳಗಿನಿಂದ ಕುಕ್ಕರ್ ಕೂಗಿತು. ಪುಣ್ಯಕ್ಕೆ ಮೈಕ್ ಮುಚ್ಚಿತ್ತು. ನಡುವೆ ಒಂದೂ ಮಾತಿಲ್ಲದೆ, ಧ್ವನಿಮಟ್ಟ ಸರಿಮಾಡಿ 1971ರದ್ದನ್ನು ಬಿಟ್ಟೆ. ಬಂದೂಕಿನ ಸಂಗತಿ ಕೊನೆಯಲ್ಲಿ, ಎರಡೇ ವಾಕ್ಯದಲ್ಲಿ.

ಹಾಡಿನ ಬಗ್ಗೆ ಯಾರೂ ಏನೂ ಬರೆಯಲಿಲ್ಲ. "ಅದು ಯಾವ ಮೀನು?" ಎಂದು ಮೂವರು ಕೇಳಿದರು. ಅವರಲ್ಲಿ "ನೀರು ಇಳಿದಿದೆ" ಎಂದಿದ್ದವರೂ ಒಬ್ಬರು. ಒಣಗಿ ಕಡ್ಡಿಯಂತಾಗಿತ್ತು, ಗುರುತು ಸಿಗಲಿಲ್ಲ ಎಂದು ಬರೆದೆ.