ಸಹಾಯ ಬೇಕು: ಅಳಿವೆ ಬಾಗಿಲಿನ ಆಳ ಯಾವ ಸೊನ್ನೆಯಿಂದ ಲೆಕ್ಕ?

ನಮಸ್ಕಾರ ಎಲ್ರಿಗೂ, ಮಂಗಳೂರು ಹಳೆ ಬಂದರಿನ ಅಳಿವೆ ಬಾಗಿಲಲ್ಲಿ ಮೊನ್ನೆ ಇಳಿತದ ಹೊತ್ತಿಗೆ ನಮ್ಮ ಬೋಟ್ ಮರಳಿಗೆ ತಾಗಿ ಫ್ಯಾನಿನ ಒಂದು ಎಲೆ ಬಗ್ಗಿಹೋಯ್ತು, ಅದಕ್ಕೆ ನಾವೇ ಎಕೋ ಸೌಂಡರ್ (ಶಬ್ದ ಕಳಿಸಿ ಆಳ ಅಳೆಯುವ ಯಂತ್ರ) ಹಾಕಿ ಆಳ ಬರ್ಕೊಳ್ತಾ ಇದ್ದೇವೆ. ಆದ್ರೆ ಒಂದೊಂದು ಕಡೆ ಸೊನ್ನೆ, ಅಂದ್ರೆ ಅಳತೆ ಶುರುವಾಗುವ ಮಟ್ಟ, ಬೇರೆ ಬೇರೆ ಆಗಿ ಲೆಕ್ಕ ಕೂಡ್ತಾ ಇಲ್ಲ ಮಾರಾಯ್ರೆ. ಚಾರ್ಟಿನ ಆಳ ಇಳಿತದ ತೀರಾ ಕೆಳಗಿನ ಮಟ್ಟದಿಂದ, ಧಕ್ಕೆಯ ಡ್ರಾಯಿಂಗಲ್ಲಿ ಎತ್ತರ ಸರಾಸರಿ ಸಮುದ್ರ ಮಟ್ಟದಿಂದ, ಇನ್ನು ಸರ್ವೆ ಜಿಪಿಎಸ್ಸಿನ ಎಲಿಪ್ಸಾಯ್ಡ್ ಎತ್ತರ (ಭೂಮಿಗೆ ಲೆಕ್ಕದಲ್ಲಿ ಹಾಕಿದ ನುಣುಪಾದ ಆಕಾರದಿಂದ ಅಳೆದದ್ದು, ಸಮುದ್ರ ಮಟ್ಟದಿಂದ ಅಲ್ಲ) ಅಂತೂ ಧಕ್ಕೆ ಮೇಲೆ ನಿಂತ್ರೂ ಮೈನಸ್ 80 ಮೀಟರ್ ದಾಟಿ ತೋರಿಸ್ತದೆ. ಬಾಲ್ಟಿಕ್ ಸಮುದ್ರದ ದೇಶಗಳು ಬಿಎಸ್‌ಸಿಡಿ 2000 ಅಂತ ಚಾರ್ಟಿನ ಆಳಕ್ಕೆ ಒಂದೇ ಸೊನ್ನೆಗೆ ಬರ್ತಾ ಇದ್ದಾವೆ, ಅಲ್ಲಿ ಭರತ ಇಳಿತ ಭಾರೀ ಕಮ್ಮಿ, ನಮ್ಮಲ್ಲಿ ಹಾಗಲ್ಲ. ಚಾರ್ಟಿನ ಸೊನ್ನೆ, ಸರಾಸರಿ ಸಮುದ್ರ ಮಟ್ಟ ಈ ಎರಡರ ವ್ಯತ್ಯಾಸ ಗೊತ್ತಿರುವ, ಎತ್ತರ ಗುರುತು ಹಾಕಿದ ಬೆಂಚ್‌ಮಾರ್ಕ್ ಕಲ್ಲು ಬಂದರಿನ ಹತ್ರ ಎಲ್ಲಿ ಉಂಟು? ಸರ್ವೆ ಕೆಲ್ಸ ಮಾಡಿದವರು ದಯವಿಟ್ಟು ಹೇಳಿ, ಬೋಟಲ್ಲಿ ಎಂಟು ಜನ ಹೋಗ್ತಾರೆ.